ಪರದೆಯ ಮುಂದಿನ ರಾಜಕೀಯ: ಗೋವಾದ ತಿಯಾತ್ರ್ ನಡೆದುಬಂದ ದಾರಿ

ಗೋವಾದ ಕೊಂಕಣಿ ತಿಯಾತ್ರ್‌ನಲ್ಲಿ ನಾಟಕದ ಕಥೆ ಅರ್ಧ ಮಾತ್ರ. ಒಂದು ಅಂಕ ಮುಗಿದು ಪರದೆ ಬಿತ್ತೆಂದರೆ ಅದರ ಮುಂದೆ ಗಾಯಕರು ಬಂದು ನಿಲ್ಲುತ್ತಾರೆ. ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ ಶುರುವಾಗುತ್ತವೆ. ಅವರು ಹಾಡುವ ‘ಕಾಂತಾರ್’ಗೂ ನಾಟಕದ ಕಥೆಗೂ ನಂಟು ಇರಲೇಬೇಕೆಂದಿಲ್ಲ. ಗಣಿ, ಕ್ಯಾಸಿನೊ, ಪಕ್ಷ ಬದಲಿಸಿದ ಶಾಸಕ, ಬಿಲ್ಡರ್‌ಗಳ ಪಾಲಾಗುತ್ತಿರುವ ಜಮೀನು, ಹೀಗೆ ಊರು ಏನು ಮಾತಾಡುತ್ತಿದೆಯೋ ಅದೇ ಹಾಡಿನ ವಸ್ತು. ಕೊನೆಯ ನುಡಿಯಲ್ಲಿ ಏಟು ಬಿದ್ದಾಗ ಸಭೆ ‘ಒನ್ಸ್ ಮೋರ್’ ಎಂದು ಕೂಗುತ್ತದೆ. ಪ್ಯಾರಿಸ್, ಬರ್ಲಿನ್‌ಗಳಲ್ಲಿ ರಾಜಕೀಯ ಕ್ಯಾಬರೆ ಮಾಡಿದ ಕೆಲಸವನ್ನು ಗೋವಾದಲ್ಲಿ ಮಾಡುತ್ತ ಬಂದಿರುವುದು ಈ ಹಾಡು.

ವಿಶೇಷವೆಂದರೆ ತಿಯಾತ್ರ್ ಹುಟ್ಟಿದ್ದು ಗೋವಾದಲ್ಲಲ್ಲ, ಮುಂಬಯಿಯಲ್ಲಿ. ಇಟಾಲಿಯನ್ ಆಪೆರಾ ನೋಡಿ ಮನಸೋತ ಅಸಗಾಂವ್‌ನ ಲುಕಾಸಿನ್ಹೊ ರಿಬೇರೊ ಗೆಳೆಯರೊಂದಿಗೆ ‘ಇಟಾಲಿಯನ್ ಭುರ್ಗೊ’ ನಾಟಕವನ್ನು ನ್ಯೂ ಆಲ್ಫ್ರೆಡ್ ಥಿಯೇಟರಿನಲ್ಲಿ ಆಡಿದ್ದು 1892ರ ಏಪ್ರಿಲ್ 17ರಂದು. ಗೋವಾದಿಂದ ಬಂದ ಹಡಗು ಕೆಲಸಗಾರರು, ಅಡುಗೆಯವರು, ಬ್ಯಾಂಡಿನವರು ತಂತಮ್ಮ ಊರಿನ ‘ಕೂಡ್’ ಎಂಬ ವಸತಿಗಳಲ್ಲಿ ಒಟ್ಟಾಗಿ ಬಾಳುತ್ತಿದ್ದ ನಗರ ಅದು. ಇತ್ತ ಗೋವಾದಲ್ಲಿ ಪೋರ್ಚುಗೀಸರು 1684ರಷ್ಟು ಹಿಂದೆಯೇ ಕೊಂಕಣಿಯ ಬಳಕೆಯನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ್ದರು. ನಮ್ಮ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ನಾಟಕ ಸಭೆ ಬೆಳೆದದ್ದೂ ಹೆಚ್ಚುಕಡಿಮೆ ತಿಯಾತ್ರ್ ಹುಟ್ಟಿದ ಕಾಲದಲ್ಲೇ. ತಿಯಾತ್ರ್‌ಗೆ ಅರಮನೆಯಿರಲಿಲ್ಲ, ಟಿಕೆಟ್ ಕೊಳ್ಳುವ ದುಡಿಮೆಗಾರರಷ್ಟೇ ಇದ್ದರು. ಅದರ ನಾಲಿಗೆಗೆ ಧೈರ್ಯ ಬಂದದ್ದು ಅಲ್ಲಿಂದಲೇ ಎಂದು ನಾನು ನಂಬುತ್ತೇನೆ.

ಆ ಮೊದಲ ತಂಡದಲ್ಲಿದ್ದ ಮಡಗಾಂವ್ ಬೊರ್ಡಾದ ಜುವಾಂವ್ ಆಗೊಸ್ತಿನ್ಹೊ ಫರ್ನಾಂಡಿಸ್ ಅವರನ್ನು ಗೋವಾ ‘ಪಾಯ್ ತಿಯಾತ್ರಿಸ್ತ್’, ಅಂದರೆ ತಿಯಾತ್ರ್‌ನ ತಂದೆ ಎಂದು ಕರೆಯುತ್ತದೆ. ಅವರ ‘ಭಾಟ್ಕಾರ್’ ಜಮೀನ್ದಾರನ ದರ್ಪವನ್ನೇ ರಂಗಕ್ಕೆ ತಂದಿತು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಆ ದಿನಗಳಲ್ಲಿ, 1904ರಲ್ಲಿ, ಅದೇ ನಾಟಕದಲ್ಲಿ ಅವರ ಹೆಂಡತಿ ರೆಜಿನಾ ಪಾತ್ರ ಮಾಡಿದರು. ತಿಯಾತ್ರ್ ರಂಗದ ಮೊದಲ ಮಹಿಳೆ ಅವರು. ಆಕೆ ಅಂದು ಎದುರಿಸಿರಬಹುದಾದ ಮಾತುಗಳನ್ನು ನೆನೆದರೆ, ಗಂಡನಿಗೆ ಸಿಕ್ಕ ಬಿರುದಿನ ಅರ್ಧ ಪಾಲಾದರೂ ಆಕೆಗೆ ಸಲ್ಲಬೇಕಿತ್ತು ಅನ್ನಿಸುತ್ತದೆ.

ಪೋರ್ಚುಗೀಸ್ ಗೋವಾದಲ್ಲಿ ತಿಯಾತ್ರ್‌ಗೆ ಸೆನ್ಸಾರಿನ ಕಣ್ಣು ತಪ್ಪಲಿಲ್ಲ. 1961ರ ಡಿಸೆಂಬರ್ 19ರಂದು ಆ ಆಳ್ವಿಕೆ ಮುಗಿಯಿತು. ಐದೇ ವರ್ಷಗಳಲ್ಲಿ ಸೆನ್ಸಾರಿಗಿಂತ ತುರ್ತಿನ ಪ್ರಶ್ನೆ ಎದುರಾಯಿತು: ಗೋವಾ ಮಹಾರಾಷ್ಟ್ರದಲ್ಲಿ ಲೀನವಾಗಬೇಕೇ? ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಹಾಗೂ ಅವರ ಪಕ್ಷ ವಿಲೀನದ ಪರ. ಎದುರಿಗೆ ಜ್ಯಾಕ್ ಸೆಕೇರಾ ನೇತೃತ್ವದ ಯುನೈಟೆಡ್ ಗೋವನ್ಸ್ ಪಕ್ಷ. ತಿಯಾತ್ರ್ ಕಲಾವಿದರು ವಿಲೀನದ ವಿರುದ್ಧ ಕಾಂತಾರ್ ಕಟ್ಟಿದರು. ಗಾಯಕ ಉಲ್ಹಾಸ್ ಬುಯಾಂವ್ ಅವರ ಹಾಡುಗಳು ತಿಯಾತ್ರ್ ನೋಡದ ಹಿಂದೂ ಮನೆಗಳನ್ನೂ ಮುಟ್ಟಿದವು. ಪತ್ರಿಕೆ ಓದಲಾರದವನಿಗೂ ಹಾಡಿನಿಂದ ವಾದ ತಿಳಿಯುತ್ತಿತ್ತು. 1967ರ ಜನವರಿ 16ರ ಜನಮತದಲ್ಲಿ ವಿಲೀನ ಬೇಡವೆಂದವರು 34,021 ಮತಗಳಿಂದ ಗೆದ್ದರು. ಅದರಲ್ಲಿ ಹಾಡಿನ ಪಾಲೆಷ್ಟೆಂದು ಅಳೆಯಲಾಗದು. ಆದರೆ ಹಾಡನ್ನು ಬಿಟ್ಟು ಆ ಚಳವಳಿಯ ಚರಿತ್ರೆ ಬರೆಯಲೂ ಆಗದು.

ತಿಯಾತ್ರ್ ಕಲಾವಿದರಾದ ಎಂ. ಬೊಯರ್, ಸಿ. ಆಲ್ವಾರಿಸ್, ಆಲ್ಫ್ರೆಡ್ ರೋಜ್ ಮೆರೆದದ್ದು ಈ ದಶಕಗಳಲ್ಲೇ. ಬೊಯರ್ ಅವರಿಗೆ ಮುಂದೆ ಪದ್ಮಶ್ರೀ ಬಂತು. 1974ರಿಂದ ಗೋವಾದ ಕಲಾ ಅಕಾಡೆಮಿ ತಿಯಾತ್ರ್ ಸ್ಪರ್ಧೆ ನಡೆಸತೊಡಗಿತು. ಅದೇ ಹೊತ್ತಿಗೆ ರೊಜಾರಿಯೊ ರೊಡ್ರಿಗ್ಸ್ ಕಾರ್ನಿವಲ್ ದಿನಗಳ ಬಯಲಾಟ ‘ಖೆಳ್’ ಅನ್ನು ಟಿಕೆಟಿನ ರಂಗಕ್ಕೆ ತಂದರು. ಅದರಲ್ಲಿ ಹಾಡು ಕಥೆಯೊಳಗೇ ಹೆಣೆದುಕೊಂಡಿತ್ತು. ಕಥೆ ಬಿಗಿಯಾಯಿತು, ನಿಜ. ಕಥೆಯ ಹೊರಗೆ ನಿಂತು ಅಂದಂದಿನ ಸುದ್ದಿಗೆ ಬಾಯಿಗೊಡುವ ಜಾಗ ಮಾತ್ರ ಕಿರಿದಾಯಿತು. ಆದರೂ ಆ ಜಾಗ ಉಳಿದುಕೊಂಡಿತು. ಇಂದಿಗೂ ಫ್ರಾನ್ಸಿಸ್ ದೆ ತುಯೆಂ ಅವರಂಥವರಿಗೆ ಹೆಸರು ತಂದಿರುವುದು ರಾಜಕೀಯ ಕಾಂತಾರ್.

ಬೇಸರದ ಸಂಗತಿ ಬೇರೊಂದಿದೆ. ಹಾಡಿ ಹೋರಾಡಿ ಉಳಿಸಿಕೊಂಡ ನೆಲದಲ್ಲೇ 1987ರ ರಾಜಭಾಷಾ ಕಾನೂನು ಕೊಂಕಣಿಯನ್ನು ದೇವನಾಗರಿ ಲಿಪಿಯಲ್ಲಷ್ಟೇ ಒಪ್ಪಿತು. ತಿಯಾತ್ರ್ ಬರೆದಿರುವುದೆಲ್ಲ ‘ರೋಮಿ’, ಅಂದರೆ ರೋಮನ್ ಲಿಪಿಯಲ್ಲಿ. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವ ಮಂಗಳೂರಿನವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. 2009ರಲ್ಲಿ ತಿಯಾತ್ರ್ ಅಕಾಡೆಮಿ ಸ್ಥಾಪನೆಯಾಯಿತು. ವಿಧಾನಸಭೆಯ ಸ್ಪೀಕರ್ ಆಗಿದ್ದ ತಿಯಾತ್ರಿಸ್ತ್ ತೊಮಾಜಿನ್ಹೊ ಕಾರ್ದೋಜ್ ಅದನ್ನು ಮುನ್ನಡೆಸಿದರು, ರೋಮಿ ಲಿಪಿಗೆ ಸಮಾನ ಸ್ಥಾನ ಬೇಕೆಂದು ಹೋರಾಡಿದವರಲ್ಲೂ ಮುಂದಾಳಾದರು. ಬಹುಮಾನ, ಅನುದಾನಗಳು ಸರ್ಕಾರದ ಕಡೆಯಿಂದ ಬರುತ್ತವೆ. ಹಳ್ಳಿಯ ಇಗರ್ಜಿ ಹಬ್ಬದ ರಾತ್ರಿ ಹೌಸ್‌ಫುಲ್ ಆಗುವ ತಿಯಾತ್ರ್ ಮಾತ್ರ ಈಗಲೂ ಪ್ರೇಕ್ಷಕರ ಹಣದಿಂದಲೇ ನಡೆಯುತ್ತದೆ.