ಲಿಂಗಂಪಲ್ಲಿಯ ಸೆಕೆಯಲ್ಲಿ ಸದ್ದಡಗಿದ ಗಾಳಿ: ಡೆಸ್ಕ್‌ಟಾಪ್ ಫ್ಯಾನುಗಳ ಮೌಲ್ಯಮಾಪನಕ್ಕೆ ಒಂದು ಸ್ಥಳೀಯ ಅಳತೆಗೋಲು

ಹೈದರಾಬಾದಿನ ಪಶ್ಚಿಮ ಅಂಚಿನ ಲಿಂಗಂಪಲ್ಲಿ ಕಲ್ಯಾಣ ಕರ್ನಾಟಕದವರಿಗೆ ಹೊಸ ಹೆಸರೇನಲ್ಲ. ವಾಡಿಯ ಕಡೆಯಿಂದ ವಿಕಾರಾಬಾದ್ ದಾಟಿ ಬರುವ ರೈಲುಗಳು ನಗರಕ್ಕೆ ಕಾಲಿಡುವುದು ಈ ದಾರಿಯಲ್ಲೇ. ನಿಲ್ದಾಣದ ಒಂದು ಬದಿಗೆ ಬಿಎಚ್‌ಇಎಲ್ ಟೌನ್‌ಶಿಪ್, ಇನ್ನೊಂದು ಬದಿಗೆ 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ, ಅದರಾಚೆ ಗಚ್ಚಿಬೌಲಿಯ ಸಾಫ್ಟ್‌ವೇರ್ ಕಚೇರಿಗಳು. ಈ ನಡುವಿನ ಬಾಡಿಗೆ ಕೋಣೆಗಳಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡ ವಿದ್ಯಾರ್ಥಿಗಳು, ಮನೆಯಿಂದಲೇ ಕೆಲಸ ಮಾಡುವ ನೌಕರರು ಬಹಳ. ಮೇಲಂತಸ್ತಿನ ಕೋಣೆ, ತಲೆಯ ಮೇಲೆ ಬಿಸಿಲುಂಡ ಆರ್‌ಸಿಸಿ ತಾರಸಿ, ಎಸಿ ಇಲ್ಲ, ಮಲಗುವ ಮಂಚಕ್ಕೆ ಒತ್ತಿಕೊಂಡೇ ಕಂಪ್ಯೂಟರ್ ಮೇಜು. ಇಂಥ ಕೋಣೆಗೆ ಕೈಗೆಟಕುವ ಬೆಲೆಯ, ಸದ್ದು ಕಡಿಮೆಯ ಫ್ಯಾನು ಯಾವುದೆಂದು ನಿರ್ಧರಿಸುವುದು ಹೇಗೆ? ಡಬ್ಬಿಯ ಮೇಲಿನ ಡೆಸಿಬೆಲ್ ಅಂಕಿ ಈ ಪ್ರಶ್ನೆಗೆ ಉತ್ತರ ಕೊಡಲಾರದು ಎಂಬುದು ಈ ಲೇಖನದ ವಾದ. ಸದ್ದನ್ನು ಸಮವಾಗಿಟ್ಟು, ಸ್ಥಳೀಯ ಸೆಕೆಯಲ್ಲಿ, ಧೂಳು ಕೂತ ಜಾಲರಿಯ ಹಿಂದೆ ಯಾವ ಫ್ಯಾನು ಹೆಚ್ಚು ಶಾಖ ಹೊರಹಾಕುತ್ತದೆ ಎಂದು ನೋಡಬೇಕು. ಹಾಗೆ ನೋಡಿದಾಗ ಅಗ್ಗದ ಫ್ಯಾನುಗಳ ಬಗೆಗಿನ ತೀರ್ಪು ಸಾಕಷ್ಟು ಬದಲಾಗುತ್ತದೆ.

ಯಂತ್ರವನ್ನು ತಣ್ಣಗಿಡುವ ಚಿಂತೆ ಈ ನಗರಕ್ಕೆ ಹಳೆಯದು. 1967ರಲ್ಲಿ ಇಲ್ಲಿ ಹುಟ್ಟಿದ ಇಸಿಐಎಲ್ ಕಂಪನಿ ಕಂಪ್ಯೂಟರ್ ತಯಾರಿಸುತ್ತಿದ್ದ ದಿನಗಳಲ್ಲಿ ಎಸಿ ಕಂಪ್ಯೂಟರಿಗೆ, ಸೀಲಿಂಗ್ ಫ್ಯಾನು ಮನುಷ್ಯರಿಗೆ ಎಂಬ ಏರ್ಪಾಡಿತ್ತು. 1981ರ ಐಬಿಎಂ ಪಿಸಿಯಲ್ಲಿದ್ದುದು ಪವರ್ ಸಪ್ಲೈ ಒಳಗಿನ ಒಂದೇ ಫ್ಯಾನು. ಈಗ ಸಾಧಾರಣ ಕ್ಯಾಬಿನೆಟ್ಟಿನಲ್ಲೂ ನಾಲ್ಕೈದು ಫ್ಯಾನು ತಿರುಗುತ್ತವೆ, ಮನುಷ್ಯನೂ ಯಂತ್ರವೂ ಒಂದೇ ಬಿಸಿಗಾಳಿಯನ್ನು ಹಂಚಿಕೊಳ್ಳುತ್ತಾರೆ.

ಮೊದಲು ಶಾಖದ ಲೆಕ್ಕ. ಹೈದರಾಬಾದಿನಲ್ಲಿ ಮೇ ತಿಂಗಳ ಸರಾಸರಿ ಗರಿಷ್ಠ ತಾಪಮಾನ 39 ಡಿಗ್ರಿ ಆಸುಪಾಸು. ನಗರದ ಎತ್ತರ ಸಮುದ್ರಮಟ್ಟದಿಂದ ಸುಮಾರು 540 ಮೀಟರ್. ಕಡಲ ಮಟ್ಟದಲ್ಲಿ 20 ಡಿಗ್ರಿಯ ಒಣಗಾಳಿ ಘನ ಮೀಟರಿಗೆ 1.20 ಕೆ.ಜಿ. ತೂಗುತ್ತದೆ. 540 ಮೀಟರ್ ಎತ್ತರದಲ್ಲಿ, 40 ಡಿಗ್ರಿಯಲ್ಲಿ ಅದು ಸುಮಾರು 1.06 ಕೆ.ಜಿ.ಗೆ ಇಳಿಯುತ್ತದೆ. ಫ್ಯಾನು ನಿಮಿಷಕ್ಕೆ ಅಷ್ಟೇ ಗಾತ್ರದ ಗಾಳಿ ತಳ್ಳಿದರೂ ಶಾಖ ಹೊರುವ ದ್ರವ್ಯ ಶೇ. 12ರಷ್ಟು ಕಡಿಮೆಯಾಯಿತು. (ಬೆಂಗಳೂರಿನವರು ನಗಬೇಕಿಲ್ಲ. 920 ಮೀಟರ್ ಎತ್ತರದಲ್ಲಿ 30 ಡಿಗ್ರಿಯ ಗಾಳಿ 1.04 ಕೆ.ಜಿ. ಮಾತ್ರ, ಅವರ ಗಾಳಿ ತಂಪಾಗಿದ್ದರೂ ಇನ್ನಷ್ಟು ತೆಳು.) ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಉಳಿದ ಬಿಡಿಭಾಗ ಸೇರಿ 200 ವಾಟ್ ಶಾಖ ಹುಟ್ಟುತ್ತದೆ ಎಂದಿಟ್ಟುಕೊಳ್ಳೋಣ. ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಿರಬೇಕಾದರೆ ಲಿಂಗಂಪಲ್ಲಿಯ ಮೇ ತಿಂಗಳಲ್ಲಿ ನಿಮಿಷಕ್ಕೆ 1.13 ಘನ ಮೀಟರ್, ಅಂದರೆ ವ್ಯಾಪಾರಿಗಳು ಹೇಳುವ ನಿಮಿಷಕ್ಕೆ ಘನ ಅಡಿಯ ಲೆಕ್ಕದಲ್ಲಿ 40 ಸಿಎಫ್‌ಎಂ ಗಾಳಿ ಬೇಕು.

ತೆಳುಗಾಳಿಗಿಂತ ಹೆಚ್ಚು ಕಾಡುವುದು ಆರಂಭದ ತಾಪಮಾನ. ಫ್ಯಾನು ಗಾಳಿಯನ್ನು ತಣಿಸುವುದಿಲ್ಲ, ಸಾಗಿಸುತ್ತದೆ ಅಷ್ಟೆ. ಕೋಣೆಯ ಉಷ್ಣತೆ ಎಷ್ಟು ಏರಿತೋ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 21 ಡಿಗ್ರಿಯ ಪ್ರಯೋಗಾಲಯದಲ್ಲಿ 69 ಡಿಗ್ರಿ ತೋರಿಸಿದ ಜೋಡಣೆ 38 ಡಿಗ್ರಿಯ ಕೋಣೆಯಲ್ಲಿ 86 ಮುಟ್ಟುತ್ತದೆ. ಇಂದಿನ ಪ್ರೊಸೆಸರುಗಳು 95–100 ಡಿಗ್ರಿಯಲ್ಲಿ ತಾವಾಗಿ ವೇಗ ಇಳಿಸಿಕೊಳ್ಳುವುದರಿಂದ ಸುಟ್ಟುಹೋಗುವ ಭಯವಿಲ್ಲ. ಆದರೆ ಮದರ್‌ಬೋರ್ಡು 86 ಡಿಗ್ರಿ ಕಂಡ ಕೂಡಲೇ ಫ್ಯಾನುಗಳನ್ನು ಪೂರ್ತಿ ವೇಗಕ್ಕೆ ಏರಿಸುತ್ತದೆ. ಯುರೋಪಿನ ವಿಮರ್ಶಕರು ‘ಸದ್ದೇ ಇಲ್ಲ’ ಎಂದು ಹೊಗಳಿದ ಫ್ಯಾನು ನಮ್ಮಲ್ಲಿ ಗುಡುಗುವುದು ಇದೇ ಕಾರಣಕ್ಕೆ. ಅವರ ಫ್ಯಾನು ಅರ್ಧ ವೇಗದಲ್ಲಿ ತಿರುಗುವ ಹೊತ್ತಿನಲ್ಲಿ ನಮ್ಮದು ಪೂರ್ತಿ ವೇಗದಲ್ಲಿರುತ್ತದೆ.

ಈ ಅರ್ಧ ಮತ್ತು ಪೂರ್ತಿಯ ನಡುವಿನ ಅಂತರ ಎಷ್ಟೆಂಬುದನ್ನು ಫ್ಯಾನಿನ ನಿಯಮಗಳು ಹೇಳುತ್ತವೆ. ಗಾಳಿಯ ಹರಿವು ವೇಗಕ್ಕೆ ಅನುಪಾತದಲ್ಲಿ, ಒತ್ತಡ ವೇಗದ ವರ್ಗಕ್ಕೆ, ಬೇಡುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತವೆ. ಸದ್ದು ಇವೆಲ್ಲಕ್ಕಿಂತ ಕಡಿದಾಗಿ ಏರುತ್ತದೆ: ವೇಗ ಅರ್ಧಕ್ಕಿಳಿದರೆ ಶಬ್ದಮಟ್ಟ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಇತ್ತ, ಒಂದೇ ಬಗೆಯ ಇನ್ನೊಂದು ಫ್ಯಾನು ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ಪೂರ್ತಿ ವೇಗದ ಒಂದು ಫ್ಯಾನಿನ ಬದಲು ಅರ್ಧ ವೇಗದ ಎರಡನ್ನು ಹಾಕಿದರೆ, ತೆರೆದ ಗಾಳಿಯಲ್ಲಿ ಹರಿವು ಅಷ್ಟೇ ಉಳಿದು ಸದ್ದು 12 ಡೆಸಿಬೆಲ್ ತಗ್ಗುತ್ತದೆ. ಕ್ಯಾಬಿನೆಟ್ಟಿನ ಜಾಲರಿ ಮತ್ತು ಇಕ್ಕಟ್ಟು ಈ ಲಾಭವನ್ನು ಕೊರೆಯುತ್ತವೆ. ಅರ್ಧದ ಬದಲು ಶೇ. 65ರ ವೇಗ ಬೇಕಾಯಿತು ಅನ್ನಿ, ಆಗಲೂ 6 ಡೆಸಿಬೆಲ್ ಉಳಿತಾಯ. ದುಬಾರಿ ಫ್ಯಾನು ಮತ್ತು ಅಗ್ಗದ ಫ್ಯಾನುಗಳ ನಡುವೆ ಡಬ್ಬಿಯ ಮೇಲೆ ಕಾಣುವ ಅಂತರವೂ ಹೆಚ್ಚೂಕಡಿಮೆ ಇಷ್ಟೇ ಇರುತ್ತದೆ.

ಡಬ್ಬಿಯ ಅಂಕಿಗಳ ಕಥೆಯನ್ನೂ ನೋಡಿಬಿಡೋಣ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಫ್-ಎ12x25 ಫ್ಯಾನಿಗೆ 2000 ಆರ್‌ಪಿಎಂನಲ್ಲಿ ಗಂಟೆಗೆ 102.1 ಘನ ಮೀಟರ್ ಹರಿವು, 22.6 ಡೆಸಿಬೆಲ್ ಎಂದಿದೆ. ಆರ್ಕ್ಟಿಕ್ ಪಿ12 ಫ್ಯಾನಿಗೆ 1800 ಆರ್‌ಪಿಎಂನಲ್ಲಿ 56.3 ಸಿಎಫ್‌ಎಂ, ಸದ್ದು ಮಾತ್ರ ಡೆಸಿಬೆಲ್‌ನಲ್ಲಲ್ಲ, 0.3 ಸೋನ್. ಕೂಲರ್ ಮಾಸ್ಟರಿನ ಸಿಕಲ್‌ಫ್ಲೋ 8ರಿಂದ 27 ಡೆಸಿಬೆಲ್ ಎಂಬ ವ್ಯಾಪ್ತಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಒಬ್ಬರು ಘನ ಮೀಟರ್, ಒಬ್ಬರು ಘನ ಅಡಿ. ಒಬ್ಬರು ಶಬ್ದದ ಮಟ್ಟ, ಇನ್ನೊಬ್ಬರು ಕಿವಿಗೆ ಅನಿಸುವ ಗಟ್ಟಿತನ. ಸಣ್ಣ ಫ್ಯಾನುಗಳ ಸದ್ದಿಗೆಂದೇ ಐಎಸ್‌ಒ 10302 ಎಂಬ ಮಾನದಂಡವಿದೆ, ಆದರೆ ಅಗ್ಗದ ಫ್ಯಾನುಗಳ ಡಬ್ಬಿಯ ಮೇಲೆ ಅದರ ಉಲ್ಲೇಖ ಅಪರೂಪ. ಅಳತೆಯ ದೂರ ಹೇಳದ ಡೆಸಿಬೆಲ್ಲಿಗೆ ಬೆಲೆಯಿಲ್ಲ: 25 ಸೆಂ.ಮೀ. ದೂರದಲ್ಲಿ ಅಳೆದದ್ದು ಒಂದು ಮೀಟರಿನಲ್ಲಿ ಅಳೆದದ್ದಕ್ಕಿಂತ 12 ಡೆಸಿಬೆಲ್ ಹೆಚ್ಚು ತೋರಿಸುತ್ತದೆ.

ಇನ್ನು ಕೋಣೆಯ ಸದ್ದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರೈಲು ಹಳಿಯ ಪಕ್ಕದ ಬೀದಿಯಲ್ಲಿ ಆ ಮಿತಿ ಪಾಲನೆಯಾಗುತ್ತದೆಯೇ ಎಂದು ಕೇಳಬೇಡಿ. ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನು ಐದರಲ್ಲಿ ತಿರುಗುವಾಗ 20 ಡೆಸಿಬೆಲ್ಲಿನ ಫ್ಯಾನಿಗೂ 27 ಡೆಸಿಬೆಲ್ಲಿನ ಫ್ಯಾನಿಗೂ ಕಿವಿ ವ್ಯತ್ಯಾಸ ಕಾಣದು. ಅದು ಗೊತ್ತಾಗುವುದು ಡಿಸೆಂಬರಿನ ರಾತ್ರಿ, ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನು ನಿಲ್ಲಿಸಿದಾಗ. ಆದರೆ ಆಗ ಕೋಣೆ ತಂಪಾಗಿರುತ್ತದೆ, ಫ್ಯಾನು ತಾನಾಗಿ ನಿಧಾನವಾಗುತ್ತದೆ. ಆದ್ದರಿಂದ ಲಿಂಗಂಪಲ್ಲಿಯಲ್ಲಿ ಫ್ಯಾನಿನ ಗರಿಷ್ಠ ವೇಗದ ಸದ್ದಿಗಿಂತ ಅದು ಎಷ್ಟು ಕೆಳಗಿಳಿದು ತಿರುಗಬಲ್ಲದು ಎಂಬುದೇ ಮುಖ್ಯ. ಇಲ್ಲಿ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನು ಗೆಲ್ಲುತ್ತದೆ. ಅದರ ವೇಗ ನಿಯಂತ್ರಿಸಲು ಇಂಟೆಲ್ ನಿಗದಿಪಡಿಸಿದ 25 ಕಿಲೋಹರ್ಟ್ಸ್ ಸಂಕೇತ ಮನುಷ್ಯನ ಕಿವಿಗೆ ಕೇಳದ ಆವರ್ತನದಲ್ಲಿದೆ, ವೇಗವನ್ನು ನುಣುಪಾಗಿ ಇಳಿಸುತ್ತದೆ. ಅಗ್ಗದ ಕ್ಯಾಬಿನೆಟ್ಟುಗಳ ಜೊತೆ ಬರುವ ಬಣ್ಣಬಣ್ಣದ ದೀಪದ ಫ್ಯಾನುಗಳಲ್ಲಿ ಎಷ್ಟೋ ಪವರ್ ಸಪ್ಲೈಗೆ ನೇರ ಸಿಕ್ಕಿಸುವ ಮೊಲೆಕ್ಸ್ ತಂತಿಯವು. ಸದಾ 12 ವೋಲ್ಟ್, ಸದಾ ಪೂರ್ತಿ ವೇಗ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಆಗಲಿ ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಪಿನ್ನು ಎಷ್ಟು ಎಂಬುದು. ದೀಪ ಎಷ್ಟು ಎಂಬುದು ಕೊನೆಗೆ.

ಸದ್ದಿನ ಮಟ್ಟದಷ್ಟೇ ಅದರ ಸ್ವಭಾವವೂ ಕಾಡುತ್ತದೆ, ಅದು ಯಾವ ಡಬ್ಬಿಯ ಮೇಲೂ ಇರುವುದಿಲ್ಲ. ಐದು ರೆಕ್ಕೆಯ ಫ್ಯಾನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 20 ಸುತ್ತು, ರೆಕ್ಕೆಗಳು ಕಂಬಿಗಳನ್ನು ದಾಟುವ ಆವರ್ತನ 100 ಹರ್ಟ್ಸ್. ನಮ್ಮ 50 ಹರ್ಟ್ಸ್ ವಿದ್ಯುತ್ತಿನಿಂದ ಇನ್ವರ್ಟರ್, ಸ್ಟೆಬಿಲೈಸರ್, ಸೀಲಿಂಗ್ ಫ್ಯಾನುಗಳು ಹೊರಡಿಸುವ ಗುಂಯ್‌ಗುಡುವಿಕೆಯೂ 100 ಹರ್ಟ್ಸ್. ಫ್ಯಾನು 1180ಕ್ಕೆ ಇಳಿದರೆ 98.3 ಹರ್ಟ್ಸ್, ಎರಡೂ ಕೂಡಿ ಸೆಕೆಂಡಿಗೆ ಒಂದೆರಡು ಬಾರಿ ಏರಿಳಿಯುವ ಮಿಡಿತ ಹುಟ್ಟುತ್ತದೆ. ಏಳು ರೆಕ್ಕೆಯ ಎರಡು ಫ್ಯಾನುಗಳು 1200 ಮತ್ತು 1170ರಲ್ಲಿ ತಿರುಗಿದರೂ ಇದೇ ಪಾಡು: 140 ಮತ್ತು 136.5 ಹರ್ಟ್ಸ್, ಸೆಕೆಂಡಿಗೆ ಮೂರೂವರೆ ಮಿಡಿತ. ಏಕರೂಪದ ಸುಯ್ಲಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಮಿಡಿತಕ್ಕೆ ಒಗ್ಗುವುದಿಲ್ಲ. ಪರಿಹಾರಕ್ಕೆ ಕಾಸು ಬೇಡ: ಬಯೋಸ್‌ನಲ್ಲಿ ಒಂದು ಫ್ಯಾನನ್ನು 900ಕ್ಕೆ, ಇನ್ನೊಂದನ್ನು 1050ಕ್ಕೆ ಬೇರ್ಪಡಿಸಿದರೆ ಸಾಕು.

ಅಗ್ಗದ ಫ್ಯಾನಿನ ನಿಜವಾದ ದೋಷ ಬೇರಿಂಗಿನಲ್ಲಿದೆ. ಸ್ಲೀವ್ ಬೇರಿಂಗಿನ ಹಳೆಯ ಫ್ಯಾನೊಂದನ್ನು ಬೋರಲು ಹಾಕಿ ನಡುವಿನ ಸ್ಟಿಕ್ಕರ್ ಕಿತ್ತರೆ ಒಂದು ಗುಣಿ. ಅದರೊಳಗೆ ಕಡ್ಡಿಯ ತುದಿಯನ್ನು ಹಿಡಿದಿಟ್ಟ ಸೀಳಿದ ಪ್ಲಾಸ್ಟಿಕ್ ವಾಷರ್. ಸುತ್ತ ಒಂದು ಕಾಲಕ್ಕೆ ಎಣ್ಣೆಯಾಗಿದ್ದ ಕಂದು ಅಂಟು. ರಿಪೇರಿಯವರು ಅದನ್ನು ಒರೆಸಿ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಡುತ್ತಾರೆ. ಕೆಲವು ತಿಂಗಳು ಕಿರಿಕಿರಿ ನಿಲ್ಲುತ್ತದೆ, ತೆಳು ಎಣ್ಣೆ ಆರಿದ ಮೇಲೆ ಮತ್ತೆ ಕರಕರ. ಕಂಪನಿಗಳು ಫ್ಯಾನಿನ ಆಯುಷ್ಯವನ್ನು ಸಾಮಾನ್ಯವಾಗಿ 40 ಡಿಗ್ರಿಗೆ ಲೆಕ್ಕ ಹಾಕಿ ಹೇಳುತ್ತವೆ. ಮೇ ತಿಂಗಳಲ್ಲಿ ಇಲ್ಲಿಯ ಕ್ಯಾಬಿನೆಟ್ಟಿನ ಒಳಗೆ, ಮುಖ್ಯವಾಗಿ ಬಿಸಿಗಾಳಿ ಹೊರದಬ್ಬುವ ಮೇಲಿನ ಫ್ಯಾನಿನ ಬಳಿ, ತಾಪಮಾನ ಅದನ್ನು ದಾಟುತ್ತದೆ. ಸ್ಲೀವ್ ಬೇರಿಂಗಿನ ಫ್ಯಾನನ್ನು ಅಲ್ಲಿ ಅಡ್ಡಲಾಗಿ ಮಲಗಿಸುವುದು ಬೇಗ ಕೆಡಿಸುವ ಉಪಾಯ. ದ್ರವ ಬೇರಿಂಗಿನ ಫ್ಯಾನು ಸ್ವಲ್ಪ ದುಬಾರಿಯಾದರೂ ಮೂರನೆಯ ಬೇಸಿಗೆಯ ಲೆಕ್ಕ ತೆಗೆದರೆ ಅದೇ ಅಗ್ಗ.

ಧೂಳಿನ ಮಾತು ಚಿಕ್ಕದು. ನಲ್ಲಗಂಡ್ಲ, ತೆಲ್ಲಾಪುರದ ಕಡೆ ಕಟ್ಟಡ ಕೆಲಸ ನಡೆದೇ ಇರುತ್ತದೆ. ಮುಂಭಾಗದ ಜಾಲರಿ ಬೇಗ ಬೂದುಗಟ್ಟುತ್ತದೆ, ಅದರ ಮೂಲಕ ಗಾಳಿ ಎಳೆಯಲು ಒತ್ತಡ ಬೇಕು. 1800 ಆರ್‌ಪಿಎಂನಲ್ಲಿ 2.2 ಮಿ.ಮೀ. ನೀರಿನ ಒತ್ತಡ ಕೊಡುವ ಫ್ಯಾನು 1000ಕ್ಕಿಳಿದಾಗ ಕೊಡುವುದು 0.7 ಮಿ.ಮೀ. ಮಾತ್ರ. ಸದ್ದು ತಗ್ಗಿಸಲು ಫ್ಯಾನನ್ನು ನಿಧಾನಿಸಿದವರು ಜಾಲರಿಯನ್ನು ತೊಳೆಯುವ ಹೊಣೆಯನ್ನೂ ಹೊರಬೇಕು.

ಇಷ್ಟನ್ನು ಮನೆಯಲ್ಲೇ ಅಳೆಯಲು ಒಂದು ವಿಧಾನ ಸೂಚಿಸುತ್ತೇನೆ. ಕಂಪ್ಯೂಟರನ್ನೇ ಶಾಖದ ಮೂಲವಾಗಿ ಬಳಸಿದರೆ ಅದರ ಶಕ್ತಿ ಕ್ಷಣಕ್ಷಣ ಬದಲಾಗುತ್ತದೆ. ಬದಲಿಗೆ ಖಾಲಿ ಕ್ಯಾಬಿನೆಟ್ಟಿನಲ್ಲಿ, ಪ್ಲಾಸ್ಟಿಕ್ಕಿಗೆ ತಾಗದಂತೆ, 100 ವಾಟಿನ ಹಳದಿ ಬಲ್ಬು ಉರಿಸಬಹುದು. ಫ್ಯಾನಿಗೆ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಸಾಕು, ವೇಗಕ್ಕೆ ಸಣ್ಣ ಪಿಡಬ್ಲ್ಯುಎಂ ನಿಯಂತ್ರಕ. ಮೊಬೈಲಿನ ಶಬ್ದಮಾಪಕ ಆ್ಯಪ್ 30 ಡೆಸಿಬೆಲ್ಲಿಗಿಂತ ಕೆಳಗೆ ನಂಬಲರ್ಹವಲ್ಲ. ಆದ್ದರಿಂದ ನಡುರಾತ್ರಿಯ ನಂತರ 25 ಸೆಂ.ಮೀ. ದೂರದಲ್ಲಿಟ್ಟು ಅಳೆಯಬೇಕು. ಕೋಣೆಯ ಹಿನ್ನೆಲೆ 32 ಇದ್ದು ಫ್ಯಾನು ಹಾಕಿದಾಗ 35 ತೋರಿಸಿದರೆ ಫ್ಯಾನಿನ ಪಾಲು 32. ಒಂದು ಮೀಟರಿನಲ್ಲಿ ಅದು 20. ಪ್ರತಿ ಫ್ಯಾನನ್ನೂ ಈ ಒಂದೇ ಸದ್ದಿಗೆ ಇಳಿಸಿ, ಬಲ್ಬು ಉರಿದು ತಾಪಮಾನ ಸ್ಥಿರವಾದ ಮೇಲೆ ಒಳ-ಹೊರ ಗಾಳಿಯ ಅಂತರ ನೋಡಬೇಕು. ಅಂತರ 10 ಡಿಗ್ರಿಯಾದರೆ ಹರಿವು 20 ಸಿಎಫ್‌ಎಂ. ಕ್ಯಾಬಿನೆಟ್ಟಿನ ತಗಡಿನ ಮೂಲಕವೂ ಶಾಖ ಸೋರುವುದರಿಂದ ನಿಜವಾದ ಹರಿವು ಇದಕ್ಕಿಂತ ಕಡಿಮೆ, ಆದರೆ ಹೋಲಿಕೆಗೆ ಅಡ್ಡಿಯಿಲ್ಲ. ವೋಲ್ಟೇಜ್ 220ರಿಂದ 240ಕ್ಕೇರಿದರೆ ಬಲ್ಬಿನ ಶಕ್ತಿ ಸುಮಾರು ಶೇ. 15 ಏರುತ್ತದೆ, ಹೋಲಿಸುವ ಫ್ಯಾನುಗಳನ್ನು ಒಂದೇ ಕೂತಿನಲ್ಲಿ, ಅದಲುಬದಲು ಮಾಡಿ ಅಳೆಯುವುದು ಕ್ಷೇಮ. ಜಾಲರಿ ಶುಚಿಯಾಗಿದ್ದಾಗ ಒಮ್ಮೆ, ತಿಂಗಳ ಧೂಳು ಕೂತ ಮೇಲೆ ಇನ್ನೊಮ್ಮೆ.

ದುಬಾರಿ ಫ್ಯಾನಿನ ಗುಣ ಸುಳ್ಳೆಂದು ಇದರರ್ಥವಲ್ಲ. ಎನ್‌ಎಫ್-ಎ12x25ರ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಸಂದು ಮಾತ್ರ, ಗಾಳಿ ಹಿಂದಕ್ಕೆ ಸೋರುವುದು ಕಡಿಮೆ. ಒತ್ತೊತ್ತಾದ ಹೀಟ್‌ಸಿಂಕ್ ಅಥವಾ ನೀರಿನ ರೇಡಿಯೇಟರ್ ಇರುವಲ್ಲಿ ಅದರ ಬೆಲೆ ಸಾರ್ಥಕ. ಕ್ಯಾಬಿನೆಟ್ಟಿನ ತೆರೆದ ಮುಂಭಾಗದಲ್ಲಿ ಅಲ್ಲ. ಅಲ್ಲಿ ಆ ಒಂದರ ಬೆಲೆಗೆ ಬರುವ ಅಗ್ಗದ ಮೂರು ಫ್ಯಾನುಗಳು ನಿಧಾನವಾಗಿ ತಿರುಗಿ ಹೆಚ್ಚು ಗಾಳಿಯನ್ನು ಕಡಿಮೆ ಸದ್ದಿನಲ್ಲಿ ಕೊಡುತ್ತವೆ. 65 ವಾಟ್ ಪ್ರೊಸೆಸರಿನ ಸಾಮಾನ್ಯ ಯಂತ್ರಕ್ಕೆ ನನ್ನ ಶಿಫಾರಸು: ದ್ರವ ಬೇರಿಂಗಿನ, ನಾಲ್ಕು ಪಿನ್ನಿನ 120 ಮಿ.ಮೀ. ಫ್ಯಾನುಗಳು ಮುಂದೆ ಎರಡು, ಹಿಂದೆ ಒಂದು, 900ರಿಂದ 1050ರ ನಡುವೆ. ಜಾಗವಿದ್ದರೆ 140 ಮಿ.ಮೀ. ಇನ್ನೂ ಮೇಲು.

ಈ ಬಲ್ಬು ಪರೀಕ್ಷೆಗೆ ಬೇಕಾದ ಸಾಮಾನೆಲ್ಲ ಯಾವುದೇ ಪದವಿ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಿಗುವಂಥದ್ದು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆ ಲಿಂಗಂಪಲ್ಲಿಯದಕ್ಕಿಂತ ಮೃದುವೇನಲ್ಲ. ಅಲ್ಲಿನ ಅಧ್ಯಾಪಕರು ಏಪ್ರಿಲ್‌–ಮೇ ತಿಂಗಳಲ್ಲಿ ಇದನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಿ, ಫಲಿತಾಂಶಗಳನ್ನು ಕೋಣೆಯ ತಾಪಮಾನ ಮತ್ತು ಅಳತೆಯ ದೂರದ ಸಮೇತ ಕನ್ನಡದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.