ಕುವಳಾಲದ ವಂಶಾವಳಿ: ಹಿರಿಯರ ಕಥೆ ಮತ್ತು ಸತ್ಯಾಣುವ್ರತ

ವಿವಾಹ, ಷಷ್ಟ್ಯಬ್ದಪೂರ್ತಿ, ಬಸದಿಯ ಜೀರ್ಣೋದ್ಧಾರ ಮುಂತಾದ ಸಂದರ್ಭಗಳಲ್ಲಿ ತಮ್ಮ ಮನೆತನದ ವಂಶಾವಳಿಯನ್ನು ಅಚ್ಚು ಹಾಕಿಸಬೇಕೆಂಬ ಅಭಿಲಾಷೆ ಅನೇಕ ಶ್ರಾವಕ ಕುಟುಂಬಗಳಲ್ಲಿ ಕಂಡುಬರುತ್ತದೆ. ಅಭಿಲಾಷೆ ಸಾಧುವಾದುದೇ. ಆದರೆ ಅಜ್ಜನ ಅಜ್ಜನವರೆಗೆ ಹೆಸರುಗಳು ದೊರೆತು, ಅಲ್ಲಿಂದ ಮುಂದೆ ಆಧಾರ ತಪ್ಪಿದೊಡನೆ ಒಬ್ಬ ದಂಡನಾಯಕನೋ ರಾಜಶ್ರೇಷ್ಠಿಯೋ ಮೂಲಪುರುಷನ ಪೀಠದಲ್ಲಿ ಬಂದು ಕುಳಿತುಬಿಡುತ್ತಾನೆ. ಈ ಪ್ರವೃತ್ತಿ ಹೊಸದಲ್ಲ. ಅರಸುಮನೆತನಗಳೂ ಇದಕ್ಕೆ ಹೊರತಾಗಿರಲಿಲ್ಲವೆಂಬುದಕ್ಕೆ ಕೋಲಾರದ ಗಂಗರ ಚರಿತ್ರೆಯೇ ಸಾಕ್ಷಿ.

ಇಂದಿನ ಕೋಲಾರವೇ ಶಾಸನಗಳ ಕುವಳಾಲಪುರ. ಸುಮಾರು ಕ್ರಿ.ಶ. 350ರಲ್ಲಿ ಕೊಂಗುಣಿವರ್ಮನು ಇಲ್ಲಿಂದ ಆಳತೊಡಗಿದನು. ಮುಂದೆ ರಾಜಧಾನಿ ತಲಕಾಡಿಗೆ ಹೋಯಿತು. ಆದರೂ ಗಂಗರು ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳನ್ನು ಬಿಡಲಿಲ್ಲ. ಸುಮಾರು 1004ರಲ್ಲಿ ತಲಕಾಡು ಚೋಳರ ವಶವಾದ ಮೇಲೆಯೂ ದೂರದ ಶಿವಮೊಗ್ಗ ಸೀಮೆಯಲ್ಲಿ ಸಾಮಂತರಾಗಿದ್ದ ಗಂಗಶಾಖೆಯವರು ಇದೇ ಬಿರುದುಗಳನ್ನು ಧರಿಸುತ್ತಿದ್ದರು. ಊರು ಬಿಟ್ಟು ತಲೆಮಾರುಗಳು ಕಳೆದರೂ ಊರಿನ ಹೆಸರನ್ನು ಮನೆತನದ ಹೆಸರಾಗಿ ಉಳಿಸಿಕೊಂಡ ವರ್ತಕ ಕುಟುಂಬಗಳಿಗೆ ಈ ಭಾವನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಶಾಖೆಯ 1121ರ ಕಲ್ಲೂರುಗುಡ್ಡ ಶಾಸನದಲ್ಲಿ ವಂಶದ ಉತ್ಪತ್ತಿಕಥೆ ವಿಸ್ತಾರವಾಗಿ ಬಂದಿದೆ. ಉಜ್ಜಯಿನಿಯ ಮಹೀಪಾಲನ ಆಕ್ರಮಣಕ್ಕೆ ಸಿಲುಕಿದ ಪದ್ಮನಾಭನೆಂಬ ಅರಸನು ತನ್ನ ಮಕ್ಕಳಾದ ದಡಿಗ, ಮಾಧವರನ್ನು ದಕ್ಷಿಣಕ್ಕೆ ಕಳುಹಿಸಿದನು. ಅವರು ಪೇರೂರಿನ ಚೈತ್ಯಾಲಯದಲ್ಲಿ ಸಿಂಹನಂದಿ ಆಚಾರ್ಯರನ್ನು ಕಂಡರು. ಪದ್ಮಾವತೀದೇವಿಯ ಅನುಗ್ರಹದಿಂದ ದೊರೆತ ಖಡ್ಗದಿಂದ ಮಾಧವನು ಶಿಲಾಸ್ತಂಭವೊಂದನ್ನು ಕಡಿದನು. ಆಚಾರ್ಯರು ಕರ್ಣಿಕಾರದ ಎಸಳುಗಳಿಂದ ಪಟ್ಟ ಕಟ್ಟಿ, ನವಿಲುಗರಿಯ ಪಿಂಛವನ್ನೇ ಧ್ವಜವಾಗಿ ಕೊಟ್ಟರು.

ರಾಜ್ಯದೊಂದಿಗೆ ಆಚಾರ್ಯರು ಕಟ್ಟಳೆಗಳನ್ನೂ ವಿಧಿಸಿದರೆಂದು ಶಾಸನ ಹೇಳುತ್ತದೆ. ನುಡಿದುದಕ್ಕೆ ತಪ್ಪಿದರೆ, ಜಿನಶಾಸನಕ್ಕೆ ಒಡಂಬಡದಿದ್ದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ನೀಚರ ಸಂಗ ಮಾಡಿದರೆ, ಬೇಡಿದವರಿಗೆ ಕೊಡದಿದ್ದರೆ, ರಣರಂಗದಿಂದ ಓಡಿದರೆ ಕುಲವು ಕೆಡುವುದು. ಈ ಪಟ್ಟಿಯಲ್ಲಿ ಮಾತಿಗೆ ತಪ್ಪುವುದೇ ಮೊದಲನೆಯ ದೋಷವೆಂಬುದು ಗಮನಾರ್ಹ.

ಇದಿಷ್ಟೂ ನಡೆದ ಸಂಗತಿಯೆಂದು ಹೇಳಬಹುದೆ? ಶಾಸನಕ್ಕೂ ಅದು ವರ್ಣಿಸುವ ಕಾಲಕ್ಕೂ ನಡುವೆ ಏಳು ಶತಮಾನಗಳಿಗೂ ಮಿಕ್ಕಿದ ಅಂತರವಿದೆ. ಹಿಂದಿನ ತಾಮ್ರಪಟಗಳಲ್ಲಿ ಕೊಂಗುಣಿವರ್ಮನ ಜಾಹ್ನವೇಯ ಕುಲ, ಕಾಣ್ವಾಯನ ಗೋತ್ರ, ಒಂದೇ ಹೊಡೆತಕ್ಕೆ ಶಿಲಾಸ್ತಂಭವನ್ನು ಕಡಿದ ಪ್ರಶಂಸೆ ಇವೆ; ಉಜ್ಜಯಿನಿಯ ಕಥೆ ಇಲ್ಲ. ಗಂಗಕುಲದ ಏಳಿಗೆಗೆ ಸಿಂಹನಂದಿಗಳು ಕಾರಣರಾದರೆಂಬುದನ್ನು ಹತ್ತನೆಯ ಶತಮಾನದ ಉದಯೇಂದಿರಂ ತಾಮ್ರಪಟವೂ ಸೂಚಿಸುತ್ತದೆ. ಆದುದರಿಂದ ಆಚಾರ್ಯರ ಸ್ಮರಣೆಯು ಹಳೆಯದು, ಅದರ ಸುತ್ತ ಬೆಳೆದ ವಿವರಗಳು ಈಚಿನವು ಎಂದು ಬೇರ್ಪಡಿಸುವುದೇ ನ್ಯಾಯ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೂ ಇದೆ. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೂಟವೆಂದು, ಎಂದರೆ ಅನಂತರ ಯಾರೋ ಬರೆದು ಹಿಂದಿನ ಅರಸರ ಹೆಸರು ಹಾಕಿದವೆಂದು, ಜೆ.ಎಫ್. ಫ್ಲೀಟ್ ಅವರು ವಾದಿಸಿದರು. ಬಿ.ಎಲ್. ರೈಸ್ ಅವರು ಅದನ್ನು ಒಪ್ಪಲಿಲ್ಲ. ಮುಂದೆ ದೊರೆತ ಶಾಸನಗಳಿಂದ ಗಂಗವಂಶದ ಚಾರಿತ್ರಿಕತೆ ದೃಢಪಟ್ಟಿತು. ಆದರೂ ಕೆಲವು ಪಟಗಳ ಮೇಲಿನ ಸಂಶಯ ಹೋಗಲಿಲ್ಲ. ಕೊಂಡಕುಂದಾನ್ವಯವನ್ನು ಹೆಸರಿಸುವ, ಅವಿನೀತನ ಕಾಲದ್ದೆಂದು ಹೇಳಿಕೊಳ್ಳುವ ಮಡಿಕೇರಿಯ ತಾಮ್ರಪಟವೂ ಇವುಗಳಲ್ಲಿ ಒಂದು. ನಮ್ಮ ಆಮ್ನಾಯಕ್ಕೆ ಪ್ರಿಯವಾದ ದಾಖಲೆಯೆಂದ ಮಾತ್ರಕ್ಕೆ ಅದನ್ನು ಪರೀಕ್ಷೆಯಿಂದ ಹೊರಗಿಡುವಂತಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯನ್ನು ತತ್ತ್ವಾರ್ಥಸೂತ್ರವು ಎಣಿಸಿದೆ. ಸುಳ್ಳು ಲೆಕ್ಕ ಬರೆಯುವುದು ಅಂಗಡಿಯಲ್ಲಿ ದೋಷವಾದರೆ ವಂಶವೃಕ್ಷದಲ್ಲಿಯೂ ದೋಷವೇ.

ಹಿರಿಯರ ಬಾಳಿನ ಬಣ್ಣಗಳೆಲ್ಲ ಹೊಗಳಿಕೆಯ ಬಣ್ಣಗಳಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ದೇವಾಲಯಗಳನ್ನು ಉಳಿಸಿಹೋದ ನೊಳಂಬರಿಗೂ ಗಂಗರಿಗೂ ರಕ್ತಸಂಬಂಧವಿತ್ತು. ಗಂಗರ ಮಗಳು ಜಾಯಬ್ಬೆ ನೊಳಂಬರ ಮನೆ ಸೇರಿದ್ದಳು. ಅದೇ ಗಂಗಕುಲದ ಇಮ್ಮಡಿ ಮಾರಸಿಂಹನು ‘ನೊಳಂಬಕುಲಾಂತಕ’ ಎಂಬ ಬಿರುದನ್ನು ಹೊತ್ತನು. ಬಂಧುಕುಲವನ್ನು ಸಂಹರಿಸಿದುದೇ ಬಿರುದಾಯಿತು! ಆ ಅರಸನೇ ಕೊನೆಗೆ ರಾಜ್ಯವನ್ನು ತ್ಯಜಿಸಿ, ಸುಮಾರು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ತಿಳಿಸುತ್ತದೆ. ಕದನಗಳನ್ನೂ ಸಲ್ಲೇಖನವನ್ನೂ ಆ ಒಂದೇ ಕಂಬ ಹೊತ್ತಿದೆ. ಮೊದಲನೆಯದನ್ನು ಅಳಿಸಿದರೆ ಎರಡನೆಯದರ ಭಾರ ತಿಳಿಯುವುದಿಲ್ಲ.

ಸಾಮಾನ್ಯ ಕುಟುಂಬಗಳಿಗೆ ಶಿಲಾಸ್ತಂಭಗಳಿಲ್ಲದಿರಬಹುದು. ಆದರೆ ಮನೆಯ ಕಿರ್ದಿ, ಖಾತೆ, ಜಮೀನಿನ ಕ್ರಯಪತ್ರ, ಬಸದಿಯ ಜಮಾಖರ್ಚಿನ ಪುಸ್ತಕ, ಬಿಂಬಗಳ ಪೀಠದ ಬರಹ, ನಿಸಿಧಿಕಲ್ಲು ಇವು ಇವೆ. 1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹತ್ತನೆಯ ಸಂಪುಟದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಸನಗಳು ಊರುಗಳ ಹೆಸರಿನೊಡನೆ ದೊರೆಯುತ್ತವೆ. ಹುಡುಕುವಾಗ ಊರುಗಳೂ ಹೆಸರು ಬದಲಿಸಿರುವುದನ್ನು ಮರೆಯಬಾರದು. ಶ್ರೀನಿವಾಸಪುರಕ್ಕೆ ಹಿಂದೆ ಪಾಪನಪಲ್ಲಿ ಎಂಬ ಹೆಸರಿತ್ತು. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕಿಟ್ಟರು. ಹಳೆಯ ಪತ್ರದಲ್ಲಿ ಪಾಪನಪಲ್ಲಿ ಎಂದಿದ್ದರೆ ಅದು ಬೇರೆ ಊರೆಂದು ಬದಿಗಿಡುವ ಅಪಾಯವಿದೆ.

ವಂಶಾವಳಿಯನ್ನು ಬರೆಯುವಾಗ ಜಮಾಖರ್ಚಿನ ನಿಯಮವನ್ನೇ ಅನುಸರಿಸುವುದು ಕ್ಷೇಮಕರ. ಪ್ರತಿಯೊಂದು ಹೆಸರಿಗೂ ಓಚರು ಇರಲಿ. ಪತ್ರದಲ್ಲಿ ಕಂಡುದು, ಹಿರಿಯರಿಂದ ಕೇಳಿದುದು, ಊಹಿಸಿದುದು, ಇವು ಮೂರು ಬೇರೆ ಬೇರೆ ಕಾಲಮುಗಳಲ್ಲಿ ನಿಲ್ಲಲಿ. ತಾಯಂದಿರ ಹೆಸರು ಮತ್ತು ತವರೂರನ್ನು ಬಿಡಬಾರದು; ಜಾಯಬ್ಬೆಯ ಹೆಸರು ಉಳಿಯದಿದ್ದರೆ ಎರಡು ಕುಲಗಳ ಸಂಬಂಧವೇ ಮರೆಯಾಗುತ್ತಿತ್ತು. ಸಾಲದಲ್ಲಿ ಮುಳುಗಿದ ಮುತ್ತಜ್ಜನನ್ನೂ ವ್ಯಾಜ್ಯಕ್ಕೆ ಹೋದ ದಾಯಾದಿಯನ್ನೂ ಪುಟದಿಂದ ತೆಗೆದುಹಾಕಬೇಕಾಗಿಲ್ಲ. ಬಸದಿಗಳ ಆಡಳಿತ ಮಂಡಳಿಗಳೂ ಹಳೆಯ ಲೆಕ್ಕಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು, ಬರಹವಿರುವ ಕಲ್ಲಿಗೆ ಸುಣ್ಣ ಬಳಿಯುವ ಮೊದಲು, ಒಮ್ಮೆ ಓದಿಸಿ ಛಾಯಾಚಿತ್ರ ತೆಗೆಸಿಡುವುದು ಉಚಿತ.

ಹೀಗೆ ಬರೆದ ಪುಸ್ತಕದಲ್ಲಿ ಐದು ತಲೆಮಾರುಗಳಷ್ಟೇ ದೊರೆಯಬಹುದು. ಆರನೆಯ ಮನೆಯನ್ನು ಖಾಲಿ ಬಿಟ್ಟರೆ ಮುಂದಿನವರು ಆಧಾರ ಸಿಕ್ಕಾಗ ತುಂಬಿಯಾರು. ಸುಳ್ಳಿನಿಂದ ತುಂಬಿದ ಮನೆಯಲ್ಲಿ ನಿಜವಾದ ಹಿರಿಯನಿಗೆ ಸ್ಥಳವೇ ಉಳಿಯುವುದಿಲ್ಲ.