ಫ್ಯೂಸಿನ ಜಾಗದಲ್ಲಿದ್ದ ತಂತಿ

ಅಪ್ಪ ರೇಡಿಯೋ ರಿಪೇರಿ ಬಿಟ್ಟು ಹತ್ತು ವರ್ಷವಾಯಿತು. ಅವರ ಮುಳ್ಳಿನ ಮಲ್ಟಿಮೀಟರು ಮಾತ್ರ ಅಟ್ಟದ ಮೇಲೆ ಉಳಿದಿತ್ತು. ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ನಾನು ಕಳೆದ ರಜೆಯಲ್ಲಿ ಅದನ್ನು ಇಳಿಸಿ, ಮೇಜಿನ ಮೇಲಿಟ್ಟುಕೊಂಡು ಬಿಚ್ಚಿದೆ. ವೋಲ್ಟೇಜನ್ನು ಸರಿಯಾಗಿಯೇ ತೋರಿಸುತ್ತಿತ್ತು. ಓಮ್ ಅಳೆಯುವ ಕೆಳಗಿನ ಶ್ರೇಣಿ ಮಾತ್ರ ಕೆಟ್ಟಿತ್ತು: 10 ಓಮ್ ಇಟ್ಟರೂ 100 ಓಮ್ ಇಟ್ಟರೂ ಮುಳ್ಳು ಸೊನ್ನೆಗೇ ಓಡುತ್ತಿತ್ತು.

ಈ ಉಪಕರಣದ ಚರಿತ್ರೆ ಸಾಮಾನ್ಯವಾಗಿ ಡೊನಾಲ್ಡ್ ಮೆಕಾಡಿಯಿಂದ ಶುರುವಾಗುತ್ತದೆ. ಬ್ರಿಟಿಷ್ ಅಂಚೆ ಇಲಾಖೆಯ ಈ ಇಂಜಿನಿಯರಿಗೆ ದೂರಸಂಪರ್ಕದ ತಂತಿಗಳನ್ನು ಪರೀಕ್ಷಿಸಲು ಹಲವು ಮೀಟರುಗಳನ್ನು ಹೊತ್ತು ತಿರುಗುವುದು ಬೇಸರವಾಗಿತ್ತು. ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಅಳೆಯುವ ಅವರ 'ಆವೋಮೀಟರ್' 1923ರಲ್ಲಿ ಮಾರುಕಟ್ಟೆಗೆ ಬಂತು. 1951ರ ಎಂಟನೆಯ ಮಾದರಿ ಸುಧಾರಣೆಗೊಳ್ಳುತ್ತ 2008ರವರೆಗೂ ತಯಾರಾಯಿತು. ಇದು ಮಾಡಿದವರ ಚರಿತ್ರೆ. ಬಳಸಿದವರದು ಮುಚ್ಚಳದ ಒಳಗಿರುತ್ತದೆ.

ಒಳಗೆ ಒಂದು ರೆಸಿಸ್ಟರ್ ಸುಟ್ಟು ಕಪ್ಪಾಗಿತ್ತು. ಅದರ ಬಣ್ಣದ ಪಟ್ಟಿಗಳೂ ಅಳಿಸಿದ್ದವು. ಪಕ್ಕದಲ್ಲಿ, ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ಒಂದೆಳೆ ತಂತಿ. ಕಾರಣ ಹೊಳೆಯಿತು. ಮೀಟರು ಓಮ್‌ನಲ್ಲಿದ್ದಾಗ ಯಾರೋ ಅದನ್ನು ಕರೆಂಟಿಗೆ ಮುಟ್ಟಿಸಿದ್ದಾರೆ. ಸಾಯಬೇಕಿದ್ದ ಫ್ಯೂಸ್ ಇರಲಿಲ್ಲ, ರೆಸಿಸ್ಟರ್ ಸತ್ತಿತು.

ಅದರ ಬೆಲೆ ಎಷ್ಟಿತ್ತೆಂದು ತಿಳಿಯುವುದು ಹೇಗೆ? ಉತ್ತರ ಮೀಟರಿನ ಮುಖದಲ್ಲೇ ಇತ್ತು. ಓಮ್ ಮಾಪಕದ ನಟ್ಟನಡುವಿನ ಅಂಕಿ ಆ ಶ್ರೇಣಿಯಲ್ಲಿ ಮೀಟರಿನ ಒಟ್ಟು ಒಳರೋಧವನ್ನು ಹೇಳುತ್ತದೆ. ಇಲ್ಲಿ ಅದು 20. ಬ್ಯಾಟರಿಯ, ಫ್ಯೂಸಿನ ಪಾಲು ಕಳೆದು 18 ಓಮ್‌ನ ರೆಸಿಸ್ಟರ್ ಬೆಸೆದೆ.

ತಂತಿಯನ್ನು ತೆಗೆಯಲು ಮನಸ್ಸಾಗಲಿಲ್ಲ. ನನ್ನ ಓದಿನಲ್ಲಿ ಅದು ದಾಖಲೆ. ಮೀಟರು ಹಿಡಿಯುವ ಕೈಗೆ ಅಪಾಯ. ಅಪ್ಪನನ್ನೇ ಕೇಳಿದೆ. "ಗಿರಾಕಿ ಎದುರಿಗೆ ಕೂತಿದ್ದ. ಫ್ಯೂಸ್ ತರೋಕೆ ಪೇಟೆಗೆ ಹೋಗಬೇಕಿತ್ತು. ನಾಳೆ ಹಾಕೋಣ ಅಂದ್ಕೊಂಡೆ," ಎಂದರು. ಆ ನಾಳೆ ಬರಲೇ ಇಲ್ಲ. ಅಂಗಡಿಯ ಲೆಕ್ಕದ ಪುಸ್ತಕ ಸಿಕ್ಕಿದ್ದರೂ ಅದರಲ್ಲಿ ಈ ಮಾತು ಇರುತ್ತಿರಲಿಲ್ಲ.

ತಂತಿಯನ್ನು ತೆಗೆದು ಲಕೋಟೆಯಲ್ಲಿಟ್ಟು, ಮೇಲೆ ಅವರ ಮಾತನ್ನೂ ತಾರೀಖನ್ನೂ ಬರೆದೆ. ಹೊಸ ಫ್ಯೂಸ್ ಹಾಕಿದೆ. 10 ಓಮ್‌ನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ ಅಳೆದಾಗ ಮುಳ್ಳು ನಡುವಿಗೆ ಬಂದು ನಿಂತಿತು, ಕೂದಲೆಳೆಯಷ್ಟು ಬಲಕ್ಕೆ. ಅಪ್ಪ ಮೀಟರನ್ನು ಎಳೆದುಕೊಂಡು, ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಸೊನ್ನೆಯ ತಿರುಪನ್ನು ಸರಿಮಾಡತೊಡಗಿದರು.